ದಾರ ಕಚ್ಚಿದ ಕಿನ್ನರಿ

ಏಳನೇ ತರಗತಿಯಲ್ಲಿ ವಾರ್ಷಿಕೋತ್ಸವದ ನಾಟಕಕ್ಕೆ ಪಾತ್ರ ಹಂಚಿದ ದಿನ ನಾನು ಮುಖ ಊದಿಸಿಕೊಂಡು ಕೂತಿದ್ದೆ. ಸಿಂಡ್ರೆಲಾ ಆಗಬೇಕು ಅಂತ ಆಸೆಪಟ್ಟವಳಿಗೆ ಸಿಕ್ಕಿದ್ದು ಕಿನ್ನರಿ ಅಜ್ಜಿ. ಒಂದೇ ದೃಶ್ಯ, ಎಂಟೇ ಮಾತು. ಸಾಲದ್ದಕ್ಕೆ ತಲೆ ತುಂಬಾ ಪೌಡರ್ ಬೇರೆ.

ನಾಟಕ ಮಾಡಿಸುತ್ತಿದ್ದ ಟೀಚರ್ ನನ್ನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಸುಮ್ನೆ ಕಥೆ ಹೇಳಿದರು. ಇದು ಎಷ್ಟೋ ದೇಶಗಳಲ್ಲಿ ಇರುವ ಕಥೆ, ಆದರೆ ಎಲ್ಲ ಕಡೆ ಕಿನ್ನರಿ ಇಲ್ಲ. ಚೀನಾದ ಹಳೇ ಕಥೆಯಲ್ಲಿ ಹುಡುಗಿ ಬೇಡಿದ್ದನ್ನು ಕೊಡುವುದು ಸತ್ತ ಮೀನಿನ ಮೂಳೆ. ಗ್ರಿಮ್ ಸಹೋದರರು ಅಚ್ಚು ಹಾಕಿಸಿದ ಜರ್ಮನ್ ಕಥೆಯಲ್ಲಿ ತಾಯಿಯ ಸಮಾಧಿ ಮೇಲೆ ಬೆಳೆದ ಮರ, ಅದರಲ್ಲಿ ಕೂರುವ ಬಿಳಿ ಹಕ್ಕಿ. ನಮಗೆಲ್ಲ ಗೊತ್ತಿರುವ ಕಿನ್ನರಿ, ಕುಂಬಳಕಾಯಿ, ಗಾಜಿನ ಚಪ್ಪಲಿ ಇರುವುದು ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ ಕಥೆಯಲ್ಲಿ.

“ಅವಳು ಬರೀ ಕೋಲು ಆಡಿಸೋಳಲ್ಲ ಕಣೇ,” ಅಂದರು ಟೀಚರ್. “ಮೊದಲು ಕುಂಬಳಕಾಯಿ ತಿರುಳನ್ನ ತಾನೇ ಕೆರೆದು ತೆಗೀತಾಳೆ. ಆಮೇಲೆ ಬೋನಿನಿಂದ ಆರು ಇಲಿ. ತೋಟದಿಂದ ಆರು ಹಲ್ಲಿ. ಕೈ ಕೊಳೆ ಮಾಡ್ಕೊಳ್ಳೋ ಕೆಲಸ ಅದು.”

ನಮ್ಮ ಮಾಯೆಯ ಗುಟ್ಟು ಒಂದು ಬಿಳಿ ದಾರ. ಹೊಳೆಯುವ ಗೌನಿನ ಮೇಲೆ ಹರಕು ಅಂಗಿ ತೊಡಿಸಿ, ಬೆನ್ನಿಗೆ ಸಡಿಲವಾಗಿ ಟಾಕು ಹಾಕುತ್ತಿದ್ದೆವು. ದೀಪ ಆರಿದ ತಕ್ಷಣ ನಾನು ದಾರ ಎಳೆಯಬೇಕು, ಅಂಗಿ ಕಳಚಿ ಬೀಳಬೇಕು. ಅಭ್ಯಾಸದಲ್ಲಿ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಅವತ್ತು ಕೊಟ್ಟಿತು. ದೀಪ ಆರಿತು, ಎಳೆದೆ, ದಾರ ಗಂಟುಬಿತ್ತು. ಇನ್ನೊಮ್ಮೆ ಎಳೆದೆ, ಗಂಟು ಇನ್ನೂ ಬಿಗಿಯಾಯಿತು. “ಬೇಗ ಕಣೇ!” ಅಂತ ಸಿಂಡ್ರೆಲಾ ಅಳುವ ದನಿಯಲ್ಲಿ ಪಿಸುಗುಟ್ಟಿದಳು. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಅವಳನ್ನು ತಬ್ಬಿ, ಕತ್ತಿನ ಹಿಂದೆ ಬಾಯಿ ಹಾಕಿ ಗಂಟನ್ನು ಕಚ್ಚಿದೆ. ಅಷ್ಟರಲ್ಲಿ ದೀಪ ಬಂದೇಬಿಟ್ಟಿತು. ಅದೇ ಗಳಿಗೆಗೆ ಅಂಗಿಯೂ ಜಾರಿತು. ಅಜ್ಜಿ ಮೊಮ್ಮಗಳನ್ನು ಮುದ್ದಾಡುತ್ತಿದ್ದಾಳೆ ಅಂದುಕೊಂಡ ಜನ ಜೋರಾಗಿ ಚಪ್ಪಾಳೆ ಹೊಡೆದರು. ಆ ಎಂಟು ಮಾತಿನಲ್ಲಿ ಎಷ್ಟು ಹೇಳಿದೆನೋ, ನೆನಪಿಲ್ಲ. ಬಾಯಲ್ಲಿ ದಾರ ಇದ್ದದ್ದು ಮಾತ್ರ ನೆನಪಿದೆ.

ಪೆರೋ ಕಥೆಯ ಕೊನೆಯಲ್ಲಿರುವ ಮಾತನ್ನು ಓದಿದ್ದು ದೊಡ್ಡವಳಾದ ಮೇಲೆ. ಜಾಣತನ, ಧೈರ್ಯ ಎಲ್ಲ ಇದ್ದರೂ ಬೆನ್ನಿಗೆ ಒಬ್ಬರು ಹಿರಿಯರು ಇಲ್ಲದಿದ್ದರೆ ಮುಂದೆ ಬರುವುದು ಕಷ್ಟ ಅನ್ನುತ್ತಾನೆ. ಕಹಿ ಮಾತು ಅಲ್ವಾ? ಆದರೂ ಸುಳ್ಳು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಆಫೀಸಿನಲ್ಲಿ ಹೊಸ ಹುಡುಗಿಯರು ಮೊದಲ ಸಲ ವೇದಿಕೆ ಹತ್ತುವ ಮುಂಚೆ ನನ್ನ ಹತ್ತಿರ ಬಂದು ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಯಾರದೋ ಪಿನ್ನು, ಯಾರದೋ ಬಿಟ್ಟುಹೋದ ಹೊಲಿಗೆ. ಬ್ಯಾಗಿನಲ್ಲಿ ಸೂಜಿ, ದಾರ, ಪುಟ್ಟ ಕತ್ತರಿ ಇಟ್ಟುಕೊಂಡೇ ಇರುತ್ತೇನೆ. ಹಲ್ಲಿಗೆ ಈಗ ಅಷ್ಟು ಬಲ ಇಲ್ಲ.