ರೇಡಾರ್ ಸರಿಯಾಗಿಯೇ ಇತ್ತು, ನೀರು ಇದ್ದದ್ದು ರೇಡೋಮ್‌ನಲ್ಲಿ

ಬೆಂಗಳೂರಿನಲ್ಲಿ ರೇಡಾರ್ ಆಂಟೆನಾಗಳನ್ನು ಅಳೆದು ನೋಡುವುದು ನನ್ನ ಕೆಲಸ. ಹನ್ನೊಂದು ವರ್ಷವಾಯಿತು. ಯಾವ ಸಂಸ್ಥೆ, ಯಾವ ವಿಮಾನ ಅಂತ ಇಲ್ಲಿ ಬರೆಯುವಂತಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ನಾನು ಒಂದು ತಪ್ಪು ವರದಿಗೆ ಸಹಿ ಹಾಕಲು ಪೆನ್ನು ಎತ್ತಿದ್ದೆ. ಅದನ್ನು ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಮೊದಲು ಒಂದಿಷ್ಟು ಹಿನ್ನೆಲೆ. ಹಳೆಯ ಬಗೆಯ ಫೈಟರ್ ರೇಡಾರ್‌ನಲ್ಲಿ ವಿಮಾನದ ಮೂಗಿನೊಳಗೆ ಒಂದು ತಟ್ಟೆ ಇರುತ್ತದೆ. ಮೋಟಾರು ಅದನ್ನು ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ತಿರುಗಿಸುತ್ತದೆ. ನಮ್ಮ ನೌಕಾಪಡೆಯ ಮಿಗ್-29ಕೆ ವಿಮಾನದ ಝುಕ್ ರೇಡಾರ್ ಈ ಜಾತಿಯದು. ಈಗಿನ ಏಸಾ ರೇಡಾರ್‌ನಲ್ಲಿ ತಟ್ಟೆ ಅಲ್ಲಾಡುವುದೇ ಇಲ್ಲ. ಅದರ ಮೇಲೆ ನೂರಾರು ಪುಟ್ಟ ಮಾಡ್ಯೂಲ್‌ಗಳು. ಒಂದೊಂದೂ ತಾನೇ ಅಲೆ ಕಳಿಸುತ್ತದೆ, ತಾನೇ ಪಡೆಯುತ್ತದೆ. ಯಾವ ಮಾಡ್ಯೂಲ್ ಎಷ್ಟು ತಡವಾಗಿ ಅಲೆ ಬಿಡಬೇಕು ಅನ್ನುವುದನ್ನು ಬದಲಿಸಿದರೆ ಸಾಕು, ಕಿರಣ ಕಣ್ಣು ಮಿಟುಕಿಸುವ ಮೊದಲೇ ಬೇರೆ ಕಡೆ ತಿರುಗಿರುತ್ತದೆ. ಒಂದು ಗಳಿಗೆ ಆಕಾಶ, ಮರುಗಳಿಗೆ ಸಮುದ್ರದ ಮೇಲಿನ ಹಡಗು. ಅಮೆರಿಕದ ಸೂಪರ್ ಹಾರ್ನೆಟ್‌ನ ಎಪಿಜಿ-79, ರಫೇಲ್ ಎಂ ವಿಮಾನದ ಆರ್‌ಬಿಇ2, ಎಫ್-35ಸಿಯ ಎಪಿಜಿ-81 ಎಲ್ಲವೂ ಇದೇ ಬಗೆ. 2025ರ ಏಪ್ರಿಲ್‌ನಲ್ಲಿ ಭಾರತ 26 ರಫೇಲ್ ಎಂ ವಿಮಾನಗಳಿಗೆ ಒಪ್ಪಂದ ಮಾಡಿಕೊಂಡಿತಲ್ಲ, ಅವುಗಳ ಮೂಗಿನಲ್ಲಿ ಇರುವುದೂ ಏಸಾ. ನಮ್ಮೂರಿನ ರಕ್ಷಣಾ ಪ್ರಯೋಗಾಲಯ ಎಲ್‌ಆರ್‌ಡಿಇ ಕಟ್ಟಿದ ಉತ್ತಮ್ ರೇಡಾರ್ ಕೂಡ ಏಸಾ.

ನನಗೆ ಈ ರೇಡಾರ್ ಇಷ್ಟವಾಗುವುದು ಇನ್ನೊಂದು ಕಾರಣಕ್ಕೆ. ಹತ್ತಿಪ್ಪತ್ತು ಮಾಡ್ಯೂಲ್ ಸತ್ತರೂ ಅದು ಮಲಗುವುದಿಲ್ಲ. ಉಳಿದವನ್ನು ಹೊಂದಿಸಿಕೊಂಡು ನಡೆಯುತ್ತದೆ. ನನ್ನನ್ನು ದಾರಿ ತಪ್ಪಿಸಿದ್ದೂ ಈ ಹೊಂದಿಸಿಕೊಳ್ಳುವ ಗುಣವೇ.

ಅವತ್ತು ನಮಗೆ ಬಂದಿದ್ದು ಒಂದು ಪ್ಯಾನೆಲ್, ಅಂದರೆ ಮಾಡ್ಯೂಲ್‌ಗಳಿರುವ ಏಸಾ ತಟ್ಟೆ, ಮತ್ತು ಅದರ ರೇಡೋಮ್. ರೇಡೋಮ್ ಅಂದರೆ ವಿಮಾನದ ಚೂಪು ಮೂಗಿನ ಟೋಪಿ. ಅದು ಲೋಹದ್ದಲ್ಲ, ರೇಡಾರ್ ಅಲೆ ದಾಟಿ ಹೋಗುವಂಥ ಫೈಬರ್‌ನದು. ಇದು ಕೆಲವು ತಿಂಗಳು ಕರಾವಳಿಯಲ್ಲಿ, ಮಳೆಗಾಲ ಪೂರ್ತಿ, ಇದ್ದು ಬಂದಿತ್ತು. ಬರೀ ಪ್ಯಾನೆಲ್ ಅಳೆದಾಗ ಎಲ್ಲ ಚೆನ್ನಾಗಿತ್ತು. ರೇಡೋಮ್ ಹಾಕಿ ಅಳೆದರೆ ಕಿರಣ ಒಂದು ಕಡೆಗೆ ಅರ್ಧ ಡಿಗ್ರಿ ವಾಲುತ್ತಿತ್ತು. ಪಕ್ಕದ ಸಣ್ಣ ಕಿರಣಗಳು, ನಾವು ಸೈಡ್‌ಲೋಬ್ ಅನ್ನುವವು, ಮೇಲೆದ್ದಿದ್ದವು.

ಅರ್ಧ ಡಿಗ್ರಿ ಸಣ್ಣದಲ್ಲ. 100 ಕಿ.ಮೀ. ದೂರದಲ್ಲಿ ಅದು ಸುಮಾರು 870 ಮೀಟರ್. ಸಮುದ್ರದ ಮೇಲೆ ಸೈಡ್‌ಲೋಬ್ ಏರುವುದಂತೂ ಇನ್ನೂ ಕೆಟ್ಟದ್ದು. ಕಡಲಿನ ಅಲೆಗಳ ಮೇಲಿಂದ ಬರುವ ಪ್ರತಿಧ್ವನಿಯೆಲ್ಲ ಆ ಪಕ್ಕದ ಕಿರಣದಲ್ಲಿ ಒಳಗೆ ಬರುತ್ತದೆ. ನೀರಿಗೆ ತಾಗಿದಂತೆ ಹಾರಿ ಬರುವ ಸಣ್ಣ ಕ್ಷಿಪಣಿ ಆ ಗದ್ದಲದಲ್ಲಿ ಮುಳುಗಿ ಹೋಗಬಹುದು.

ಎರಡು ವಾರ ಮಾಡ್ಯೂಲ್ ಬದಲಿಸಿದೆವು, ಕೇಬಲ್ ಬದಲಿಸಿದೆವು. ಒಂದು ಅಳತೆಗೆ ಒಂದು ರಾತ್ರಿ ಬೇಕು. ಕೊನೆಗೆ ನಾನು ಸಾಫ್ಟ್‌ವೇರ್‌ನಲ್ಲಿ ದಾರಿ ಹುಡುಕಿದೆ. ಯಾವ ಭಾಗದಲ್ಲಿ ಅಲೆ ತಡವಾಗುತ್ತಿದೆಯೋ ಅಲ್ಲಿನ ಮಾಡ್ಯೂಲ್‌ಗಳಿಗೆ ಅಷ್ಟೇ ಮುಂಚೆ ಬಿಡಲು ಹೇಳಿದೆ. ಪ್ರತಿ ಕೋನಕ್ಕೂ ಒಂದು ತಿದ್ದುಪಡಿ ಪಟ್ಟಿ ಮಾಡಿದೆ. ಇದರಲ್ಲಿ ಕಳ್ಳತನ ಏನಿಲ್ಲ. ಸರಿಯಾದ ರೇಡೋಮ್ ಕೂಡ ಅಲೆಯನ್ನು ಸ್ವಲ್ಪ ಬಾಗಿಸುತ್ತದೆ, ಅದಕ್ಕೆ ಪಟ್ಟಿ ಇದ್ದೇ ಇರುತ್ತದೆ. ಮರುದಿನ ಬೆಳಿಗ್ಗೆ ಕಿರಣ ನೇರವಾಗಿ ನಿಂತಿತ್ತು. ಗ್ರಾಫ್ ನೋಡಿ ಕಣ್ಣು ತುಂಬಿ ಬಂದಿತ್ತು, ಅಷ್ಟು ದಣಿದಿದ್ದೆ.

ನಮ್ಮ ಲ್ಯಾಬ್‌ನಲ್ಲಿ ಕಾರವಾರದ ಕಡೆಯ ಹಿರಿಯರೊಬ್ಬರಿದ್ದಾರೆ. ಗೋವಾದ ನೌಕಾ ವಿಮಾನನೆಲೆ ಐಎನ್‌ಎಸ್ ಹಂಸದಲ್ಲಿ ಸೀ ಹ್ಯಾರಿಯರ್ ವಿಮಾನಗಳ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಎಲ್ಲರೂ ಅವರನ್ನು ಚೀಫ್ ಅಂತಲೇ ಕರೆಯುತ್ತೇವೆ. ವರದಿ ತೋರಿಸಿದಾಗ ಅವರು ಗ್ರಾಫ್ ನೋಡಲಿಲ್ಲ. ಎದ್ದು ಹೋಗಿ ಜೇಬಿನಿಂದ ಒಂದು ನಾಣ್ಯ ತೆಗೆದು ರೇಡೋಮ್ ಮೇಲೆ ಟಕ್ ಟಕ್ ಅಂತ ಬಡಿಯುತ್ತಾ ಬಂದರು. ತುದಿಯಿಂದ ಒಂದು ಗೇಣು ಕೆಳಗೆ ಸದ್ದು ಬದಲಾಯಿತು. ಟಕ್ ಹೋಗಿ ದಪ್ ಅಂದಿತು.

"ಇಲ್ಲಿ ಒಳಗೆ ನೀರು ಕೂತಿದೆ, ತಂಗಿ" ಅಂದರು. ನಾನು ತಿದ್ದುಪಡಿ ಪಟ್ಟಿಯ ಬಗ್ಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹೌದು. ನಾಳೆ ಆ ನೀರು ಒಣಗಿದ್ರೆ ಏನ್ ಮಾಡ್ತೀಯಾ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ರೇಡೋಮ್‌ನ ಗೋಡೆ ಒಂದೇ ಗಟ್ಟಿ ಹಾಳೆಯಲ್ಲ. ಎರಡು ತೆಳು ಪದರ, ನಡುವೆ ಜೇನುಗೂಡಿನಂಥ ಟೊಳ್ಳು ಕೋಣೆಗಳು. ತುದಿಯ ಹತ್ತಿರ ಪೇಂಟ್ ಎದ್ದು ಸೂಜಿಮೊನೆಯಷ್ಟು ತೂತಾದರೆ ಸಾಕು, ನೀರು ಒಳಗೆ ಇಳಿಯುತ್ತದೆ. 10 ಗಿಗಾಹರ್ಟ್ಸ್‌ನಲ್ಲಿ ನೀರಿನ ಪರ್ಮಿಟಿವಿಟಿ (ಅಲೆಯನ್ನು ಎಷ್ಟು ನಿಧಾನ ಮಾಡುತ್ತದೆ ಅನ್ನುವುದಕ್ಕೆ ಒಂದು ಅಳತೆ) 60ರ ಆಸುಪಾಸು, ಫೈಬರ್‌ನದು 4ರ ಸುಮಾರು. ಅಂದರೆ ಒಂದು ಚಮಚ ನೀರೂ ಅಲೆಯನ್ನು ತಡಮಾಡುತ್ತದೆ, ಹೀರಿಕೊಳ್ಳುತ್ತದೆ. ಅಲೆ ಹೋಗುವಾಗ ಒಮ್ಮೆ, ವಾಪಸ್ ಬರುವಾಗ ಒಮ್ಮೆ ಆ ಗೋಡೆಯನ್ನು ದಾಟಬೇಕು. ಒಂದು ದಾಟಿಗೆ 1 ಡೆಸಿಬೆಲ್ ನಷ್ಟವಾದರೂ 100 ಕಿ.ಮೀ.ಗೆ ಕಾಣಬೇಕಾದದ್ದು 89 ಕಿ.ಮೀ.ಗೆ ಬಂದ ಮೇಲೆ ಕಾಣುತ್ತದೆ. ನನ್ನ ಪಟ್ಟಿ ಬಾಗಿದ್ದನ್ನು ನೇರ ಮಾಡಿತ್ತು. ಹೀರಿಹೋದದ್ದನ್ನು ಅದು ವಾಪಸ್ ತರಲಾರದು.

ರೇಡೋಮ್ ಜೊತೆ ಬಂದ ಲಾಗ್‌ಬುಕ್ ಮತ್ತೆ ತೆರೆದೆ. "ತುದಿಯ ಬಳಿ ಪೇಂಟ್ ಟಚ್‌ಅಪ್" ಅಂತ ಎರಡು ಸಲ ಬರೆದಿತ್ತು. ನಾನು ಮೊದಲ ದಿನವೇ ಅದನ್ನು ಓದಿದ್ದೆ. ಪೇಂಟ್ ತಾನೇ ಅಂತ ಪುಟ ತಿರುಗಿಸಿದ್ದೆ. ಎರಡು ವಾರದ ಉತ್ತರ ಆ ಒಂದು ಸಾಲಿನಲ್ಲಿತ್ತು.

ನೌಕಾಪಡೆಯ ವಿಮಾನಕ್ಕೆ ಇದು ಯಾಕೆ ಜಾಸ್ತಿ ಅಂತ ಚೀಫ್ ಆಮೇಲೆ ಊಟದ ಹೊತ್ತಿಗೆ ವಿವರಿಸಿದರು. ಉಪ್ಪುಗಾಳಿ ಒಂದು. ಅದಕ್ಕೇ ಅಲ್ಲಿ ವಿಮಾನಗಳನ್ನು ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆಯುತ್ತಾರೆ. ಇನ್ನೊಂದು, ಹಡಗಿನ ಮೇಲೆ ಇಳಿಯುವಾಗಿನ ಹೊಡೆತ. 2020ರ ಜನವರಿ 11ರಂದು ತೇಜಸ್‌ನ ನೌಕಾ ಮಾದರಿ ಎಲ್‌ಸಿಎ ನೇವಿ, ವಿಮಾನವಾಹಕ ಹಡಗು ವಿಕ್ರಮಾದಿತ್ಯದ ಮೇಲೆ ಮೊದಲ ಸಲ ಇಳಿದ ವಿಡಿಯೊವನ್ನು ನಾನೂ ನೋಡಿದ್ದೆ. ಹುಕ್ ತಂತಿಗೆ ಸಿಕ್ಕಿ, ಅಷ್ಟು ವೇಗದ ವಿಮಾನ ಎರಡು ಮೂರು ಸೆಕೆಂಡಿನಲ್ಲಿ ನಿಲ್ಲುತ್ತದೆ. ಅಂಥ ಕುಲುಕಾಟ ಮತ್ತೆ ಮತ್ತೆ ಆದಾಗ ಪೇಂಟ್‌ನಲ್ಲಿನ ಕೂದಲೆಳೆ ಬಿರುಕು ಹಾಗೇ ಉಳಿಯುವುದಿಲ್ಲ.

ರೇಡೋಮನ್ನು ತೂಕ ಹಾಕಿದೆವು. ಇರಬೇಕಾದ್ದಕ್ಕಿಂತ ಸುಮಾರು 180 ಗ್ರಾಂ ಜಾಸ್ತಿ. ರಿಪೇರಿಯವರು ಅದನ್ನು ನಿಧಾನವಾಗಿ ಬಿಸಿಯಲ್ಲಿ ಒಣಗಿಸಿ, ಆ ಭಾಗ ಕತ್ತರಿಸಿ ಹೊಸದು ಕೂರಿಸಿದರು. ವಾಪಸ್ ಬಂದಾಗ ಎರಡು ಸಲ ಅಳೆದೆ. ಒಮ್ಮೆ ಮಾಮೂಲಿ ಪಟ್ಟಿಯೊಂದಿಗೆ, ಇನ್ನೊಮ್ಮೆ ನಾನು ಮಾಡಿದ್ದ ಪಟ್ಟಿಯೊಂದಿಗೆ. ಈಗ ನಮ್ಮ ಟೆಸ್ಟ್ ಶೀಟ್‌ನ ಮೊದಲ ಸಾಲು ರೇಡೋಮ್‌ನ ತೂಕ, ಎರಡನೆಯದು ನಾಣ್ಯದ ಪರೀಕ್ಷೆ. ಆ ಎರಡು ಗ್ರಾಫ್‌ಗಳು ನನ್ನ ಮೇಜಿನ ಎದುರಿನ ಗೋಡೆಯಲ್ಲಿವೆ. ಮೊದಲನೆಯದರಲ್ಲಿ ಕಿರಣ ನೇರ. ಎರಡನೆಯದರಲ್ಲಿ ಅರ್ಧ ಡಿಗ್ರಿ ವಾಲಿದೆ, ಈ ಸಲ ಇನ್ನೊಂದು ಕಡೆಗೆ.