ಅಂಟಿಸಿದ ಬ್ಯಾಟರಿ

ಇವತ್ತು ಫೋನಿನ ಬ್ಯಾಟರಿ ಬದಲಿಸಲು ಕೊಟ್ಟೆ. ರಿಪೇರಿಯವರು ಹಿಂಬದಿಗೆ ಬಿಸಿಗಾಳಿ ಹಿಡಿದು, ತೆಳು ಪಟ್ಟಿ ತೂರಿಸಿ, ನಿಧಾನವಾಗಿ ಗಾಜು ಎಬ್ಬಿಸಿದರು. ಒಳಗೆ ಬ್ಯಾಟರಿಯನ್ನೂ ಅಂಟು ಹಾಕಿ ಕೂರಿಸಿದ್ದಾರೆ. ಎಷ್ಟೊಂದು ಅಂಟು!

ಫೋನ್ ತೆಳ್ಳಗಿರಬೇಕು, ನೀರು ಒಳಗೆ ಹೋಗಬಾರದು ಅಂತ ಕಂಪನಿಗಳು ಹೇಳುತ್ತವೆ. ಸ್ವಲ್ಪ ನಿಜವೂ ಇರಬಹುದು. ನನಗಂತೂ ಪೂರ್ತಿ ನಂಬಿಕೆ ಬರುವುದಿಲ್ಲ. ಹಳೆಯದು ಬೇಗ ಹೋಗಲಿ, ಜನ ಹೊಸದು ಕೊಳ್ಳಲಿ ಅನ್ನುವ ಲೆಕ್ಕ ಹಿಂದೆಯೂ ನಡೆದಿದೆ.

1924ರಲ್ಲಿ ಓಸ್ರಾಮ್, ಫಿಲಿಪ್ಸ್ ಮುಂತಾದ ಬಲ್ಬ್ ಕಂಪನಿಗಳು ಜಿನೀವಾದಲ್ಲಿ ಸೇರಿ ಫೀಬಸ್ ಅನ್ನುವ ಕೂಟ ಕಟ್ಟಿಕೊಂಡವು. ಅದಕ್ಕೂ ಮುಂಚೆ 1,500, 2,000 ಗಂಟೆ ಉರಿಯುವ ಬಲ್ಬುಗಳಿದ್ದವು. ಇನ್ನು 1,000 ಗಂಟೆ ಸಾಕು ಅಂತ ಇವರು ತೀರ್ಮಾನಿಸಿದರು. ಜಾಸ್ತಿ ಬಾಳಿಕೆ ಬರುವ ಬಲ್ಬ್ ಮಾಡಿದ ಕಂಪನಿಗೆ ದಂಡ. ಚೆನ್ನಾಗಿ ಮಾಡಿದ್ದಕ್ಕೆ ದಂಡ! ಬೇಗ ಕೆಡುವ ಬಲ್ಬ್ ಮಾಡುವುದೂ ಸುಲಭವಲ್ಲ. ಎಂಜಿನಿಯರುಗಳು ಕೂತು, ಮತ್ತೆ ಮತ್ತೆ ಪರೀಕ್ಷಿಸಿ ಅದನ್ನು ಸಾಧಿಸಿದರು. ಅಷ್ಟು ಬುದ್ಧಿ, ಅಷ್ಟು ಶ್ರಮ, ಇದಕ್ಕಾ? ನನಗೆ ಸಿಟ್ಟು ಬರುವುದು ಅಲ್ಲೇ.

2027ರ ಫೆಬ್ರುವರಿಯಿಂದ ಯುರೋಪಿಯನ್ ಒಕ್ಕೂಟದಲ್ಲಿ ಹೊಸ ನಿಯಮ. ಬ್ಯಾಟರಿಯನ್ನು ಬಳಸುವವರೇ ತೆಗೆದು ಬದಲಿಸುವಂತಿರಬೇಕು. ವಿನಾಯಿತಿಗಳೂ ಇವೆ, ಕಂಪನಿಗಳು ಅದರಲ್ಲೇ ದಾರಿ ಹುಡುಕುತ್ತವೆ. ಆದರೂ ಇಂಥ ನಿಯಮ ಎಲ್ಲ ದೇಶಗಳಲ್ಲೂ ಬರಬೇಕು. ದುಡ್ಡು ಕೊಟ್ಟು ಕೊಂಡ ವಸ್ತುವನ್ನು ಬಿಚ್ಚುವ ಹಕ್ಕು ನಮ್ಮದೇ ಅಲ್ವಾ?