ಗೊಟ್ಟಿಂಗೆನ್‌ನಲ್ಲಿ ಒಂದು ಸೆಮೆಸ್ಟರ್: ರೂಮು ಸಿಕ್ಕಿತು, ವಿಳಾಸ ಸಿಗಲಿಲ್ಲ

ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ ಜರ್ಮನಿಗೆ ಹೊರಟವರು ವೀಸಾ ಬಗ್ಗೆ, ಸ್ವೆಟರ್ ಬಗ್ಗೆ, ಸೂಟ್‌ಕೇಸಿನ ತೂಕದ ಬಗ್ಗೆ ನೂರು ಪ್ರಶ್ನೆ ಕೇಳುತ್ತಾರೆ. ರೂಮಿನ ಬಗ್ಗೆ ಕೇಳುವುದು ಒಂದೇ, ಬಾಡಿಗೆ ಎಷ್ಟು ಅಂತ. ಅದಕ್ಕಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ಆ ವಿಳಾಸದಲ್ಲಿ ನಿಮ್ಮ ಹೆಸರು ನೋಂದಾಯಿಸಲು ಮನೆಯವರು ಸಹಿ ಹಾಕಿಕೊಡುತ್ತಾರಾ? ಹಾಕಲ್ಲ ಅಂದರೆ ಬಾಡಿಗೆ ಎಷ್ಟೇ ಕಡಿಮೆ ಇರಲಿ, ಆ ರೂಮು ಬೇಡ.

ನನಗೆ ಆದದ್ದು ಹೀಗೆ. ಹಾಸ್ಟೆಲಿನ ವೇಟಿಂಗ್ ಲಿಸ್ಟ್ ಮುಂದಕ್ಕೆ ಹೋಗಲೇ ಇಲ್ಲ. ಹಾಗಾಗಿ ಆನ್‌ಲೈನ್‌ನಲ್ಲಿ ಒಂದು ಫರ್ನಿಷ್ಡ್ ರೂಮು ಗೊತ್ತು ಮಾಡಿಕೊಂಡೆ. ವಿಡಿಯೋ ಕಾಲ್‌ನಲ್ಲಿ ರೂಮು ತೋರಿಸಿದರು, ಕಾಂಟ್ರಾಕ್ಟ್ ಕಳಿಸಿದರು, ಅಡ್ವಾನ್ಸ್ ತೆಗೆದುಕೊಂಡರು. ಎಲ್ಲ ಸರಿಯಾಗಿಯೇ ಇತ್ತು. ಬಂದು ಇಳಿದ ಮೇಲೆ ನೋಂದಣಿ ಫಾರ್ಮ್ ಮುಂದಿಟ್ಟರೆ, "ಇರೋಕೆ ಏನೂ ತೊಂದರೆ ಇಲ್ಲ, ಆದರೆ ಇಲ್ಲಿ ರಿಜಿಸ್ಟರ್ ಮಾಡೋ ಹಾಗಿಲ್ಲ" ಅಂದರು. ಕಾರಣ ಆಮೇಲೆ ಪಕ್ಕದ ಮನೆಯವರಿಂದ ತಿಳಿಯಿತು. ನನಗೆ ರೂಮು ಕೊಟ್ಟವರೇ ಅಲ್ಲಿ ಬಾಡಿಗೆದಾರರು. ಮಾಲೀಕರಿಗೆ ಹೇಳದೆ ಒಂದು ರೂಮನ್ನು ನನಗೆ ಒಳಬಾಡಿಗೆಗೆ ಕೊಟ್ಟಿದ್ದರು. ನನ್ನ ಹೆಸರು ದಾಖಲೆಗೆ ಹೋದರೆ ಅವರ ಗುಟ್ಟು ಬಯಲಾಗುತ್ತದೆ, ಅಷ್ಟೇ.

ಒಂದು ಸಹಿಗೆ ಇಷ್ಟೊಂದು ರಗಳೆಯಾ ಅನ್ನಿಸಬಹುದು. ಜರ್ಮನಿಯಲ್ಲಿ ಮನೆಗೆ ಬಂದ ಎರಡು ವಾರದೊಳಗೆ ಊರಿನ ನೋಂದಣಿ ಕಚೇರಿಯಲ್ಲಿ ವಿಳಾಸ ದಾಖಲಿಸಬೇಕು. ಇದಕ್ಕೆ ಅನ್‌ಮೆಲ್ಡುಂಗ್ ಅನ್ನುತ್ತಾರೆ. 2015ರ ನವೆಂಬರ್‌ನಿಂದ ಇದಕ್ಕೆ ಮನೆ ಕೊಟ್ಟವರು ಸಹಿ ಮಾಡಿದ ದೃಢೀಕರಣ ಪತ್ರ ಕಡ್ಡಾಯ. ಬರೀ ಬಾಡಿಗೆ ಕರಾರು ತೋರಿಸಿದರೆ ಸಾಲದು. ನೋಂದಣಿ ಆಗದಿದ್ದರೆ ಬಹುತೇಕ ಬ್ಯಾಂಕುಗಳು ಖಾತೆ ತೆರೆಯುವುದಿಲ್ಲ. ಖಾತೆ ಇಲ್ಲದಿದ್ದರೆ ನಿಮ್ಮ ಬ್ಲಾಕ್ಡ್ ಅಕೌಂಟಿನ ದುಡ್ಡು ಕೈಗೆ ಬರುವುದಿಲ್ಲ. ಸ್ಕಾಲರ್‌ಶಿಪ್ ಇಲ್ಲದವರು ವೀಸಾಕ್ಕಾಗಿ ಒಂದು ವರ್ಷದ ಲೆಕ್ಕದಲ್ಲಿ 11,904 ಯೂರೋ, ಅಂದರೆ ತಿಂಗಳಿಗೆ 992 ಯೂರೋ, ಅಲ್ಲಿ ಇಟ್ಟಿರುತ್ತಾರಲ್ಲ, ಅದೇ ದುಡ್ಡು. ನಮ್ಮದೇ ಹಣ ಕಣ್ಣಿಗೆ ಕಾಣುತ್ತಿರುತ್ತದೆ, ಖರ್ಚಿಗೆ ಮಾತ್ರ ಸಿಗುವುದಿಲ್ಲ. ವೀಸಾ ಕೆಲವೇ ತಿಂಗಳಿಗೆ ಕೊಟ್ಟಿದ್ದರೆ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿ ಮಾಡಿಸಬೇಕು. ಅಲ್ಲೂ ಮೊದಲು ಕೇಳುವುದು ಇದೇ ನೋಂದಣಿ ಪತ್ರ.

ಸಹಿ ಹಾಕುವುದು ಮನೆ ಕೊಟ್ಟವರ ಕಾನೂನುಬದ್ಧ ಕರ್ತವ್ಯ. ಒಳಬಾಡಿಗೆಗೆ ಕೊಟ್ಟವರಿಗೂ ಇದು ಅನ್ವಯ. ಕೊಡದಿದ್ದರೆ 1,000 ಯೂರೋವರೆಗೆ ದಂಡ ಬೀಳಬಹುದು. ಅವರು ಒಪ್ಪದಿದ್ದರೆ ನಾವು ತಡಮಾಡದೆ ನೋಂದಣಿ ಕಚೇರಿಗೆ ತಿಳಿಸಬೇಕು ಅಂತಲೂ ಕಾನೂನಿನಲ್ಲಿದೆ. ನಾನು ತಿಳಿಸಿದೆ. ಕೌಂಟರಿನಲ್ಲಿದ್ದ ಹೆಂಗಸಿಗೆ ಏನೂ ಆಶ್ಚರ್ಯ ಆದಂತೆ ಕಾಣಲಿಲ್ಲ. ಹೆಸರು ಬರೆದುಕೊಂಡರು, ಬೇರೆ ಮನೆ ಹುಡುಕಿ ಅಂದರು. ಅಲ್ಲಿಯವರೆಗೆ ದುಡ್ಡಿಗೆ ಪರದಾಡಿದ್ದು ನಾನು ತಾನೇ.

ಅದಕ್ಕೇ, ದುಡ್ಡು ಕಳಿಸುವ ಮುಂಚೆ ಮೆಸೇಜಿನಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ. "ಬಂದ ಮೇಲೆ ನೋಡೋಣ" ಅಂದರೆ ಬೇಡ ಅನ್ನಿ. ಒಳಬಾಡಿಗೆ ಆದರೆ ಮಾಲೀಕರ ಒಪ್ಪಿಗೆ ಪತ್ರ ಕೇಳಿ. ಅಡ್ವಾನ್ಸ್ ಅಂತ, ಬಿಸಿನೀರು, ಹೀಟಿಂಗ್ ಸೇರಿಸದ ಬರೀ ಬಾಡಿಗೆಯ ಮೂರು ತಿಂಗಳ ಮೊತ್ತಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ನಮಗಿದೆ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. "ನಾನು ವಿದೇಶದಲ್ಲಿದ್ದೇನೆ, ದುಡ್ಡು ಕಳಿಸಿದರೆ ಕೀ ಕೊರಿಯರ್ ಮಾಡುತ್ತೇನೆ" ಅನ್ನುವವರಿಗೆ ಉತ್ತರವನ್ನೇ ಬರೆಯಬೇಡಿ.

ಕೊನೆಗೆ ಒಳ್ಳೆಯ ರೂಮು ಸಿಕ್ಕಿದ್ದು ವಿಶ್ವವಿದ್ಯಾಲಯದ ಆನ್‌ಲೈನ್ ನೋಟಿಸ್ ಬೋರ್ಡಿನಲ್ಲಿ. ಅಲ್ಲಿಯ ಹುಡುಗಿಯೊಬ್ಬಳು ತಾನೇ ಎಕ್ಸ್‌ಚೇಂಜ್‌ಗೆ ಸ್ಪೇನ್‌ಗೆ ಹೋಗುವವಳಿದ್ದಳು. ಮಾರ್ಚ್ ಕೊನೆಗೆ ವಾಪಸ್. ಅವಳಿಗೂ ಅಷ್ಟೇ ಕಾಲಕ್ಕೆ ಜನ ಬೇಕು, ನಮಗೂ ಅಷ್ಟೇ ಕಾಲಕ್ಕೆ ರೂಮು ಬೇಕು. ಮಂಚ, ಪಾತ್ರೆ, ಸೈಕಲ್ ಎಲ್ಲ ಬಿಟ್ಟು ಹೋದಳು. ನನ್ನ ಪ್ರಕಾರ ಹುಡುಕಾಟ ಶುರು ಮಾಡಬೇಕಾದದ್ದೇ ಇಂಥವರಿಂದ. ದೊಡ್ಡ ಸೈಟುಗಳಿಗೆ ಆಮೇಲೆ ಹೋದರಾಯಿತು.

ರೂಮಿಗೆ ಬಂದ ದಿನವೇ ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿ. ಅಲ್ಲಿ ವಿಳಾಸದಲ್ಲಿ ಫ್ಲ್ಯಾಟ್ ನಂಬರ್ ಸಾಮಾನ್ಯವಾಗಿ ಇರುವುದೇ ಇಲ್ಲ. ಪೋಸ್ಟಿನವರು ಹೆಸರು ನೋಡಿ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಬ್ಯಾಂಕ್ ಕಾರ್ಡು, ಪಿನ್ನು, ಇನ್ಶೂರೆನ್ಸ್ ಕಾಗದ ಎಲ್ಲವೂ ಬಂದ ದಾರಿಯಲ್ಲೇ ವಾಪಸ್. ಒಂದು ಚೀಟಿ, ಒಂದಿಷ್ಟು ಟೇಪು, ಅಷ್ಟೇ ಖರ್ಚು.

ಇನ್ನು ಊಟ. ವಿದ್ಯಾರ್ಥಿ ಕಾರ್ಡ್ ಕೈಗೆ ಬರುವವರೆಗೆ ಮೆನ್ಸಾದಲ್ಲಿ, ಅಂದರೆ ವಿವಿಯ ಕ್ಯಾಂಟೀನಿನಲ್ಲಿ, ಅತಿಥಿಗಳ ದರ ತೆರಬೇಕು. ಕಾರ್ಡ್ ಬಂದ ಮೇಲೆ ಅಗ್ಗ, ಸಸ್ಯಾಹಾರವೂ ದಿನಾ ಇರುತ್ತದೆ. ಆದರೆ ಹನ್ನೆರಡರಿಂದ ಒಂದು ಗಂಟೆಯವರೆಗೆ ಅಲ್ಲಿ ಕಾಲಿಡಲು ಆಗುವುದಿಲ್ಲ. ನನಗೆ ಗದ್ದಲ ಆಗಲ್ಲ. ತಟ್ಟೆ ಹಿಡಿದುಕೊಂಡು ಜಾಗ ಹುಡುಕುತ್ತಾ ತಿರುಗುವುದಂತೂ ಖಂಡಿತ ಆಗಲ್ಲ. ಹಾಗಾಗಿ ನನ್ನ ಊಟ ಒಂದು ಟರ್ಕಿಶ್ ಇಂಬಿಸ್‌ಗೆ ಹೋಯಿತು. ಇಂಬಿಸ್ ಅಂದರೆ ಊರಿಗೆ ನಾಲ್ಕಾರು ಇರುವಂಥ ಸಣ್ಣ ಹೋಟೆಲು.

ಹೊರಗೆ ದ್ಯೋನರ್, ಅಂದರೆ ಬ್ರೆಡ್ಡಿನೊಳಗೆ ಮಾಂಸದ ಚೂರು ತುಂಬಿದ ತಿಂಡಿ, ಅದರ ಚಿತ್ರ ದೊಡ್ಡದಾಗಿ ಇರುತ್ತದೆ, ಎಲ್ಲರೂ ಅದನ್ನೇ ತಿನ್ನುತ್ತಾರೆ. ನೀವು ಬೋರ್ಡಿನ ಕೆಳಗೆ, ಸಣ್ಣಕ್ಷರದಲ್ಲಿ ಬರೆದ ಬೇಳೆ ಸೂಪು ನೋಡಿ. ಕೆಂಪು ಬೇಳೆಯನ್ನು ಈರುಳ್ಳಿ, ಕ್ಯಾರೆಟ್ ಜೊತೆ ಬೇಯಿಸಿ ನುಣ್ಣಗೆ ರುಬ್ಬಿರುತ್ತಾರೆ. ಜೀರಿಗೆ ಘಮ ಇರುತ್ತದೆ. ಮೇಲೆ ಬೆಣ್ಣೆಯಲ್ಲಿ ಕೆಂಪು ಮೆಣಸಿನ ಪುಡಿ ಬಿಸಿ ಮಾಡಿ ಸುರಿಯುತ್ತಾರೆ. ಪಕ್ಕದಲ್ಲಿ ಒಂದು ಹೋಳು ನಿಂಬೆಹಣ್ಣು. ಬ್ರೆಡ್ಡು ಆಗಷ್ಟೇ ಒಲೆಯಿಂದ ತೆಗೆದದ್ದು, ಮುಗಿದರೆ ಕೇಳದೆಯೇ ಇನ್ನೊಂದು ತುಂಡು ತಂದಿಡುತ್ತಾರೆ, ಅದಕ್ಕೆ ಬೇರೆ ದುಡ್ಡಿಲ್ಲ. ಒಂದು ಬಟ್ಟಲು ಸೂಪು ಐದು ಯೂರೋ ಒಳಗೇ. ಒಳಗೆ ಮಾಂಸದ ಸಾರು ಹಾಕಿದ್ದಾರಾ ಅಂತ ಸಸ್ಯಾಹಾರಿಗಳು ಒಮ್ಮೆ ಕೇಳಿಕೊಳ್ಳಿ, ನಾನು ಹೋಗುತ್ತಿದ್ದ ಕಡೆ ಹಾಕುತ್ತಿರಲಿಲ್ಲ. ಅಂಗಡಿಯವರನ್ನು ವಿದ್ಯಾರ್ಥಿಗಳೆಲ್ಲ ಆಬಿ, ಅಂದರೆ ಅಣ್ಣ, ಅಂತಲೇ ಕರೆಯುತ್ತಿದ್ದರು. ಊಟ ಮುಗಿದ ಮೇಲೆ ಸೊಂಟ ಸಣ್ಣಗಿರುವ ಗಾಜಿನ ಲೋಟದಲ್ಲಿ ಕಪ್ಪು ಚಹಾ ತಂದಿಡುತ್ತಿದ್ದರು. "ಇದು ಲೆಕ್ಕಕ್ಕಿಲ್ಲ" ಅನ್ನುತ್ತಿದ್ದರು. ನನ್ನ ಕೈಯಲ್ಲಿ ದುಡ್ಡಿಲ್ಲದ ವಾರಗಳಲ್ಲಿ ಬೇರೆಯೂ ಕೆಲವು ಲೆಕ್ಕಕ್ಕೆ ಬರಲಿಲ್ಲ. ಅಲ್ಲಿ ನಗದು ಮಾತ್ರ ನಡೆಯುತ್ತದೆ, ಜೇಬಿನಲ್ಲಿ ಚಿಲ್ಲರೆ ಇರಲಿ.

ಭಾನುವಾರ ಅಂಗಡಿ ಇರುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಖಾಲಿ ಪ್ಲಾಸ್ಟಿಕ್ ಬಾಟಲಿ, ಕ್ಯಾನು ಬಿಸಾಡಬೇಡಿ. ಒಂದಕ್ಕೆ 25 ಸೆಂಟ್ ಠೇವಣಿ ವಾಪಸ್ ಬರುತ್ತದೆ.

ಓದಿನ ವಿಷಯದಲ್ಲಿ ಪಾಠ ಚೆನ್ನಾಗಿತ್ತು, ಮೇಷ್ಟ್ರುಗಳು ಒಳ್ಳೆಯವರು. ತಲೆ ತಿಂದದ್ದು ಪರೀಕ್ಷೆಯ ನೋಂದಣಿ. ತರಗತಿಗೆ ಹೆಸರು ಕೊಟ್ಟರೆ ಪರೀಕ್ಷೆಗೂ ಕೊಟ್ಟಂತೆ ಅಂದುಕೊಳ್ಳಬೇಡಿ. ಗೊಟ್ಟಿಂಗೆನ್‌ನಲ್ಲಿ ತರಗತಿಗೆ ಸ್ಟಡ್‌ಐಪಿ ಅನ್ನುವ ವ್ಯವಸ್ಥೆ, ಪರೀಕ್ಷೆಗೆ ಫ್ಲೆಕ್ಸ್‌ನೌ ಅನ್ನುವ ಬೇರೆಯದೇ ವ್ಯವಸ್ಥೆ. ಕೊನೆಯ ದಿನಾಂಕ ಕಳೆದರೆ ಸೆಮೆಸ್ಟರ್ ಪೂರ್ತಿ ಕೂತು ಕೇಳಿದ ಕೋರ್ಸಿಗೂ ಅಂಕ ಇಲ್ಲ. ನನ್ನ ಜೊತೆಗಿದ್ದ ಒಬ್ಬನಿಗೆ ಹೀಗೇ ಆಯಿತು, ಯಾರ ಕಾಲು ಹಿಡಿದರೂ ಪ್ರಯೋಜನ ಆಗಲಿಲ್ಲ. ಎಕ್ಸ್‌ಚೇಂಜ್ ವಿದ್ಯಾರ್ಥಿಗಳಿಗೆ ಕೆಲವು ವಿಭಾಗಗಳಲ್ಲಿ ಬೇರೆ ಕ್ರಮ ಇರುತ್ತದೆ. ಮೊದಲ ವಾರದಲ್ಲೇ ವಿಭಾಗದ ಸಂಯೋಜಕರನ್ನು ಕೇಳಿಬಿಡಿ.

ಲರ್ನಿಂಗ್ ಅಗ್ರಿಮೆಂಟಿನಲ್ಲಿ, ಅಂದರೆ ಅಲ್ಲಿ ಓದುವ ಕೋರ್ಸುಗಳಿಗೆ ಎರಡೂ ಕಾಲೇಜು ಸಹಿ ಹಾಕುವ ಒಪ್ಪಂದದಲ್ಲಿ, ಒಂದು ಸೆಮೆಸ್ಟರಿಗೆ 30 ಕ್ರೆಡಿಟ್ ಅಂತ ಇರುತ್ತದೆ. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಯ ಕೆಲಸ ಅನ್ನುವುದು ಲೆಕ್ಕ. ನಿಮ್ಮ ಕಾಲೇಜು ಒಪ್ಪುವುದಾದರೆ ಇನ್ನೂ ಕಡಿಮೆ ತೆಗೆದುಕೊಳ್ಳಿ. ಕೋರ್ಸು ಬದಲಿಸಿದರೆ ಎರಡೂ ಕಡೆಯ ಸಹಿ ಆಗಲೇ ಹಾಕಿಸಿ. ಚಳಿಗಾಲದ ಸೆಮೆಸ್ಟರ್ ಹೆಸರಿಗೆ ಅಕ್ಟೋಬರ್ 1ರಿಂದ ಮಾರ್ಚ್ 31. ಪಾಠ ಶುರುವಾಗುವುದು ಅಕ್ಟೋಬರ್ ನಡುವೆ, ಮುಗಿಯುವುದು ಫೆಬ್ರವರಿಯಲ್ಲಿ, ಪರೀಕ್ಷೆ ಅದಾದ ಮೇಲೆ. ನಿಮ್ಮ ಕಾಲೇಜಿನ ಮುಂದಿನ ಸೆಮೆಸ್ಟರ್ ಜನವರಿಯಲ್ಲೇ ಶುರುವಾದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಇದನ್ನು ಅರ್ಜಿ ಹಾಕುವ ಮುಂಚೆ ಬಗೆಹರಿಸಿಕೊಳ್ಳಿ, ವಾಪಸ್ ಟಿಕೆಟ್ಟನ್ನು ಮಾತ್ರ ಪರೀಕ್ಷೆಯ ದಿನಾಂಕ ಗೊತ್ತಾದ ಮೇಲೆ ಮಾಡಿ.

ತರಗತಿಯ ಸಮಯದ ಮುಂದೆ ಸಿ.ಟಿ. ಅಂತಿದ್ದರೆ ಕಾಲು ಗಂಟೆ ತಡವಾಗಿ ಶುರು. ಎಸ್.ಟಿ. ಅಂತಿದ್ದರೆ ಸರಿಯಾದ ಹೊತ್ತಿಗೆ.

ತಿರುಗಾಟಕ್ಕೆ ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ ತಿಂಗಳ ಪಾಸು ಒಳ್ಳೆಯದು. 2023ರಲ್ಲಿ 49 ಯೂರೋ ಇದ್ದದ್ದು 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ದೇಶದಲ್ಲಿ ಎಲ್ಲಿ ಬೇಕಾದರೂ ಸ್ಥಳೀಯ ಬಸ್, ಟ್ರಾಮ್, ಪ್ರಾದೇಶಿಕ ರೈಲು ಹತ್ತಬಹುದು. ಐಸಿಇ ಥರದ ವೇಗದ ರೈಲಿಗೆ ನಡೆಯಲ್ಲ. ಕೆಲವು ವಿಶ್ವವಿದ್ಯಾಲಯಗಳ ಸೆಮೆಸ್ಟರ್ ಶುಲ್ಕದಲ್ಲೇ ಇದರ ಅಗ್ಗದ ರೂಪ ಸೇರಿರುತ್ತದೆ, ಕೇಳದೆ ಬೇರೆ ಟಿಕೆಟ್ ಕೊಳ್ಳಬೇಡಿ. ಕೊಂಡರೆ ಅದು ತಾನಾಗೇ ಮುಂದಿನ ತಿಂಗಳಿಗೆ ಮುಂದುವರಿಯುತ್ತದೆ. ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ದುಡ್ಡೂ ಹೋಯಿತು.

ಹಾರ್ಟ್ಸ್ ಬೆಟ್ಟದ ಬುಡದ ಗೋಸ್ಲಾರ್‌ಗೆ ಹೋಗಲೇಬೇಕು. ಊರೂ, ಪಕ್ಕದ ರಾಮೆಲ್ಸ್‌ಬರ್ಗ್ ಗಣಿಯೂ 1992ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಸಾವಿರ ವರ್ಷ ಅದಿರು ತೆಗೆದ ಗಣಿ, 1988ರಲ್ಲಿ ಮುಚ್ಚಿತು. ವಾರದ ನಡುವೆ ಹೋದರೆ ಜನವೇ ಇರುವುದಿಲ್ಲ. ವಾಪಸ್ ಬರುವಾಗ ಮಾತ್ರ ನಮ್ಮ ಗ್ರಹಚಾರ ಕೆಟ್ಟಿತ್ತು. ಹಳಿ ಕೆಲಸ ನಡೆಯುತ್ತಿದೆ, ರೈಲಿಲ್ಲ, ಬದಲಿಗೆ ಬಸ್ಸು ಅಂದರು. ಆ ಬಸ್ಸು ಸ್ಟೇಷನ್ನಿನ ಮುಂದೆ ನಿಲ್ಲಲಿಲ್ಲ, ಎಲ್ಲೋ ಹಿಂದಿನ ರಸ್ತೆಯಲ್ಲಿ ನಿಂತು ಹೊರಟೇ ಹೋಯಿತು. ಮುಂದಿನದಕ್ಕೆ ಮಳೆಯಲ್ಲಿ ಕಾದೆವು. ಅದು ಬಂದದ್ದು ತುಂಬಿಕೊಂಡು. ಹೀಟರ್ ಜೋರು, ಕಿಟಕಿ ತೆರೆಯುವಂಥದ್ದಲ್ಲ, ಒದ್ದೆ ಜಾಕೆಟ್ಟುಗಳ ವಾಸನೆ, ಹಳ್ಳಿ ಹಳ್ಳಿಗೂ ತಿರುವು. ನಿಂತುಕೊಂಡೇ ಬಂದೆ. ಕೊನೆಗೆ ಮುಂದಿನ ರೈಲೂ ತಪ್ಪಿತು. ಸ್ಟೇಷನ್ನಿನಲ್ಲಿ ಎಸ್‌ಇವಿ ಅನ್ನುವ ಫಲಕ ಕಂಡರೆ ಅದು ಬದಲಿ ಬಸ್ಸಿನ ಗುರುತು. ಬಾಣ ಯಾವ ಕಡೆಗಿದೆ ನೋಡಿ ಮೊದಲು ಅಲ್ಲಿಗೆ ಓಡಿ, ಕಾಫಿ ಆಮೇಲೆ. ಒಂದು ಗಂಟೆಗಿಂತ ಜಾಸ್ತಿ ತಡವಾದರೆ ಡಾಯ್ಚ್‌ಲಾಂಡ್ ಟಿಕೆಟ್ಟಿಗೆ ಪರಿಹಾರ ಉಂಟು, ಒಂದೂವರೆ ಯೂರೋ! ನಾಲ್ಕು ಯೂರೋಗಿಂತ ಕಡಿಮೆ ಮೊತ್ತ ಕೊಡುವುದಿಲ್ಲ, ಹಾಗಾಗಿ ಮೂರು ಸಲ ತಡವಾಗುವವರೆಗೆ ಕಾಯಬೇಕು.

ಕ್ರಿಸ್ಮಸ್ ಸಂತೆಗೆ ಶನಿವಾರ ಸಂಜೆ ಹೋಗುವವರಿಗೆ ನನ್ನಲ್ಲಿ ಸಲಹೆ ಇಲ್ಲ. ಮಂಗಳವಾರ ಮಧ್ಯಾಹ್ನ ಹೋಗಿ. ಚಳಿ ನನಗೆ ಅಷ್ಟು ಕಾಡಲಿಲ್ಲ. ನಾಲ್ಕೂ ಚಿಲ್ಲರೆಗೇ ಕತ್ತಲಾಗುವುದು ಕಾಡಿತು. ಜನವರಿ ಪೂರ್ತಿ ಲೈಬ್ರರಿಯಲ್ಲೇ ಹೋಯಿತು, ಅದರಲ್ಲಿ ಹೇಳುವಂಥದ್ದೇನಿಲ್ಲ.

ನೋಂದಣಿ ಆದ ಕೆಲವು ವಾರಕ್ಕೆ ರೇಡಿಯೋ-ಟಿವಿ ಶುಲ್ಕದ ಪತ್ರ ಬರುತ್ತದೆ. ತಿಂಗಳಿಗೆ 18.36 ಯೂರೋ. ಮೋಸದ ಪತ್ರ ಅಂತ ಹರಿದು ಹಾಕಬೇಡಿ, ಟಿವಿ ಇಲ್ಲದಿದ್ದರೂ ಕಟ್ಟಬೇಕು. ಆದರೆ ಅದು ಮನೆಗೊಂದು, ತಲೆಗೊಂದಲ್ಲ. ಹಂಚಿಕೊಂಡ ಮನೆಯಲ್ಲಿ ಬೇರೆ ಯಾರಾದರೂ ಆಗಲೇ ಕಟ್ಟುತ್ತಿದ್ದರೆ ಅವರ ಶುಲ್ಕದ ಖಾತೆ ನಂಬರ್ ಬರೆದು ಕಳಿಸಿ, ನಿಮ್ಮ ಪಾಲನ್ನು ಅವರಿಗೆ ಕೊಟ್ಟರೆ ಮುಗಿಯಿತು.

ಹೊರಡುವ ಮುಂಚೆ ರೂಮಿನ ಫೋಟೋ ತೆಗೆದು, ಕೀ ಒಪ್ಪಿಸಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಅಡ್ವಾನ್ಸ್ ವಾಪಸ್ ಬರಲು ತಿಂಗಳುಗಳೇ ಹಿಡಿಯಬಹುದು, ಅದಕ್ಕೆ ಅಲ್ಲಿಯ ಬ್ಯಾಂಕ್ ಖಾತೆಯನ್ನು ಆತುರದಲ್ಲಿ ಮುಚ್ಚಬೇಡಿ. ವಿಳಾಸದ ನೋಂದಣಿ ರದ್ದು ಮಾಡಿಸುವುದು ಮನೆ ಬಿಡುವ ಒಂದು ವಾರ ಮುಂಚಿನಿಂದ ಮಾತ್ರ ಸಾಧ್ಯ. ರೇಡಿಯೋ ಶುಲ್ಕ ನಿಮ್ಮ ಹೆಸರಿನಲ್ಲಿದ್ದರೆ ಇದರೊಂದಿಗೆ ತಾನಾಗೇ ನಿಲ್ಲುವುದಿಲ್ಲ. ರದ್ದತಿಯ ಪತ್ರದ ನಕಲು ಸೇರಿಸಿ ಅವರಿಗೆ ಬೇರೆಯಾಗಿ ಬರೆಯಬೇಕು.